ಪದವಿ ಪೂರ್ವ ಹಂತದಲ್ಲಿ ಗ್ರಾಫಿಕ್ ಸಂವಹನದ ವ್ಯಾಸಂಗ: ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ವಿದ್ಯಾರ್ಥಿಗಳಿಗೆ ಮಾಹಿತಿ

ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಚಿತ್ರ, ನಕ್ಷೆ, ಅಕ್ಷರ ವಿನ್ಯಾಸ ಹಾಗೂ ಮುದ್ರಣಕ್ಕೆ ಸಂಬಂಧಿಸಿದ ವಿದ್ಯೆಯನ್ನು ಮುಂದುವರಿಸಲು ಇಚ್ಛಿಸುವ ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯು ರಾಜ್ಯದ 30ನೇ ಜಿಲ್ಲೆಯಾಗಿ ಅಸ್ತಿತ್ವಕ್ಕೆ ಬಂದಾಗ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲ್ಲೂಕುಗಳು ಮಾತ್ರ ಇದ್ದವು. ತರುವಾಯ ರಚನೆಯಾದ ಗುರುಮಠಕಲ್, ವಡಗೇರಾ ಮತ್ತು ಹುಣಸಗಿ ತಾಲ್ಲೂಕುಗಳ ವಿದ್ಯಾರ್ಥಿಗಳಿಗೂ ಇಲ್ಲಿನ ವಿವರಗಳು ಅನ್ವಯಿಸುತ್ತವೆ.

ಆರಂಭದಲ್ಲಿಯೇ ಒಂದು ಅಂಶವನ್ನು ಸ್ಪಷ್ಟಪಡಿಸುವುದು ಅಗತ್ಯ. ಕರ್ನಾಟಕದ ಪದವಿ ಪೂರ್ವ ಶಿಕ್ಷಣದ ವಿಷಯ ಪಟ್ಟಿಯಲ್ಲಿ 'ಗ್ರಾಫಿಕ್ ಸಂವಹನ' ಎಂಬ ಹೆಸರಿನ ಪ್ರತ್ಯೇಕ ವಿಷಯವಿರುವುದಿಲ್ಲ. ಆದುದರಿಂದ ಯಾವ ಕಾಲೇಜಿನಲ್ಲಿ ಈ ವಿಷಯ ದೊರೆಯುತ್ತದೆ ಎಂದು ವಿಚಾರಿಸುತ್ತಾ ಪ್ರವೇಶದ ಕೊನೆಯ ದಿನಾಂಕವನ್ನು ಕಳೆದುಕೊಳ್ಳುವುದು ಸೂಕ್ತವಲ್ಲ. ಈ ವಿದ್ಯೆಯನ್ನು ತಲುಪಲು ಬೇರೆ ಬೇರೆ ದಾರಿಗಳಿದ್ದು, 16ನೇ ವಯಸ್ಸಿನಲ್ಲಿ ಆಯ್ದುಕೊಂಡ ದಾರಿಯು ಮುಂದಿನ ಕೆಲವು ಬಾಗಿಲುಗಳನ್ನು ತೆರೆಯುತ್ತದೆ, ಕೆಲವನ್ನು ಮುಚ್ಚುತ್ತದೆ. ಯಾವ ದಾರಿ ಯಾವ ಬಾಗಿಲನ್ನು ಮುಚ್ಚುತ್ತದೆ ಎಂಬುದನ್ನು ಅರ್ಜಿ ಸಲ್ಲಿಸುವ ಮುನ್ನವೇ ತಿಳಿದುಕೊಳ್ಳತಕ್ಕದ್ದು.

ಒಂದೇ ಹೆಸರು, ಮೂರು ವಿದ್ಯೆಗಳು

'ಗ್ರಾಫಿಕ್ಸ್' ಎಂಬ ಪದವನ್ನು ಮೂರು ಕಡೆಗಳಲ್ಲಿ ಮೂರು ಅರ್ಥದಲ್ಲಿ ಬಳಸಲಾಗುತ್ತಿದೆ. ಅರ್ಜಿದಾರರಲ್ಲಿ ಉಂಟಾಗುವ ಗೊಂದಲಗಳಲ್ಲಿ ಹೆಚ್ಚಿನವು ಇದರಿಂದಲೇ ಹುಟ್ಟುತ್ತವೆ.

ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಗ್ರಾಫಿಕ್ಸ್ ಎಂದರೆ ಎಂಜಿನಿಯರಿಂಗ್ ಡ್ರಾಯಿಂಗ್. ಒಂದು ವಸ್ತುವನ್ನು ಎದುರಿನಿಂದ, ಮೇಲಿನಿಂದ ಮತ್ತು ಪಕ್ಕದಿಂದ ನೋಡಿದಾಗ ಕಾಣುವ ರೂಪಗಳನ್ನು ಅಳತೆಗೆ ತಕ್ಕಂತೆ ಕಾಗದದ ಮೇಲೆ ತರುವುದು ಇದರ ತಿರುಳು. 6 ಮೀಟರ್ ಉದ್ದದ ಕೋಣೆಯನ್ನು 1:50ರ ಪ್ರಮಾಣದಲ್ಲಿ ಬರೆದರೆ ಕಾಗದದ ಮೇಲೆ ಅದು 12 ಸೆಂಟಿಮೀಟರ್ ಆಗುತ್ತದೆ. ನಕ್ಷೆಯನ್ನು ಬರೆದವನು ಯಾದಗಿರಿಯಲ್ಲಿದ್ದು, ಕಟ್ಟುವ ಮೇಸ್ತ್ರಿಯು ಹುಣಸಗಿಯಲ್ಲಿದ್ದರೂ ಇಬ್ಬರ ನಡುವೆ ಒಂದು ಮಾತಿನ ಅಗತ್ಯವೂ ಇಲ್ಲದೆ ಗೋಡೆ ಸರಿಯಾದ ಜಾಗದಲ್ಲಿ ಏಳಬೇಕು. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳು ಹಾದುಹೋಗುವ ಈ ಭಾಗದಲ್ಲಿ ಇಂತಹ ನಕ್ಷೆಯನ್ನು ಓದಬಲ್ಲವರಿಗೆ ಕೆಲಸದ ಕೊರತೆ ಕಡಿಮೆ.

ದೃಶ್ಯಕಲಾ ಕಾಲೇಜುಗಳಲ್ಲಿ ಗ್ರಾಫಿಕ್ಸ್ ಎಂದರೆ ಸಾಮಾನ್ಯವಾಗಿ ಮುದ್ರಣ ಕಲೆ, ಅಂದರೆ ಮರದ ಅಚ್ಚು, ಲೋಹದ ತಗಡು ಅಥವಾ ಕಲ್ಲಿನ ಮೇಲೆ ಚಿತ್ರವನ್ನು ರಚಿಸಿ ಕಾಗದಕ್ಕೆ ಅಚ್ಚು ತೆಗೆಯುವ ಕಲೆ. ಕಂಪ್ಯೂಟರಿನ ವಿನ್ಯಾಸವನ್ನು ಕಲಿಯುವ ಆಸೆಯಿಂದ ಈ ವಿಭಾಗವನ್ನು ಆಯ್ದುಕೊಂಡವರು ಮೊದಲ ವಾರದಲ್ಲಿಯೇ ದಿಗಿಲುಗೊಳ್ಳುತ್ತಾರೆ. ಅಲ್ಲಿ ಅವರು ಕೇಳಬೇಕಾದ ವಿಭಾಗದ ಹೆಸರು 'ಅನ್ವಯಿಕ ಕಲೆ'.

ಮೂರನೆಯದು ಜನಸಾಮಾನ್ಯರು ಗ್ರಾಫಿಕ್ ಡಿಸೈನ್ ಎಂದು ಕರೆಯುವ ವಿದ್ಯೆ. ಭಿತ್ತಿಪತ್ರ, ಪುಸ್ತಕದ ರಕ್ಷಾಪುಟ, ಲಗ್ನಪತ್ರಿಕೆ, ಔಷಧದ ಪೊಟ್ಟಣ, ಬಸ್ ನಿಲ್ದಾಣದ ಸೂಚನಾ ಫಲಕ, ಮೊಬೈಲ್ ಪರದೆ ಮೊದಲಾದವುಗಳಲ್ಲಿ ಅಕ್ಷರ, ಚಿತ್ರ ಮತ್ತು ಬಣ್ಣಗಳನ್ನು ಜೋಡಿಸಿ ಒಂದು ಸಂಗತಿಯನ್ನು ನೋಡುವವರಿಗೆ ತಲುಪಿಸುವುದು ಇದರ ಗುರಿ. ಚೆನ್ನಾಗಿ ಚಿತ್ರ ಬರೆಯುವುದು ಇಲ್ಲಿ ಅನುಕೂಲವೇ ಹೊರತು ಅದೊಂದೇ ಸಾಲದು. ಓದಲು ಬಾರದವರಿಗೂ ಔಷಧವನ್ನು ಯಾವ ಹೊತ್ತಿಗೆ ನುಂಗಬೇಕೆಂಬುದು ಸೂರ್ಯ ಚಂದ್ರರ ಗುರುತಿನಿಂದ ತಿಳಿಯಬೇಕೆಂದರೆ, ವಿನ್ಯಾಸಕಾರನು ಮೊದಲು ನೋಡುವವರ ಸ್ಥಿತಿಯನ್ನು ಅರಿತಿರಬೇಕಾಗುತ್ತದೆ.

ಪಿ.ಯು.ಸಿ. ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

ಪದವಿ ಪೂರ್ವ ಕೋರ್ಸಿನಲ್ಲಿ 2 ಭಾಷೆಗಳು ಮತ್ತು 4 ಐಚ್ಛಿಕ ವಿಷಯಗಳಿರುತ್ತವೆ. ಚಿತ್ರಕಲೆಯಲ್ಲಿ ಆಸಕ್ತಿಯುಳ್ಳವರು ಕಲಾ ವಿಭಾಗಕ್ಕೇ ಸೇರಬೇಕೆಂಬ ನಂಬಿಕೆ ಗ್ರಾಮೀಣ ಭಾಗದಲ್ಲಿ ಬಲವಾಗಿದೆ. ಪಿ.ಯು.ಸಿ.ಯ ಕಲಾ ವಿಭಾಗದಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಮುಂತಾದ ವಿಷಯಗಳಿರುತ್ತವೆಯೇ ಹೊರತು ಚಿತ್ರಕಲೆ ಇರುವುದಿಲ್ಲ. ಹೆಸರಿನ ಹೋಲಿಕೆಯಿಂದ ಮೋಸಹೋಗಬಾರದು.

ದೃಶ್ಯಕಲಾ ಪದವಿಗೆ (ಬಿ.ವಿ.ಎ.) ಪಿ.ಯು.ಸಿ.ಯ ಯಾವುದೇ ವಿಭಾಗದಲ್ಲಿ ಉತ್ತೀರ್ಣರಾದವರು ಅರ್ಜಿ ಸಲ್ಲಿಸಬಹುದಾಗಿದ್ದು, ಕಾಲೇಜುಗಳು ಸಾಮಾನ್ಯವಾಗಿ ಚಿತ್ರರಚನೆಯ ಅಭಿರುಚಿ ಪರೀಕ್ಷೆಯನ್ನು ನಡೆಸುತ್ತವೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಮತ್ತು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಗಳ ವಿನ್ಯಾಸ ಪದವಿಗೂ (ಬಿ.ಡಿಸೈನ್) ವಿಭಾಗದ ನಿರ್ಬಂಧವಿಲ್ಲ. ಆದರೆ ವಾಸ್ತುಶಿಲ್ಪ ಪದವಿಯ (ಬಿ.ಆರ್ಕ್.) ಸಂಗತಿ ಬೇರೆ. ಪಿ.ಯು.ಸಿ. ಮೂಲಕ ಬರುವವರು ಗಣಿತ ಮತ್ತು ಭೌತಶಾಸ್ತ್ರವನ್ನು ಓದಿರಲೇಬೇಕು. ಅದರ ಜೊತೆಗೆ ನಾಟಾ ಎಂಬ ಅಭಿರುಚಿ ಪರೀಕ್ಷೆಯಲ್ಲಿ ಅರ್ಹತೆ ಪಡೆಯಬೇಕು. ಎಂಜಿನಿಯರಿಂಗ್ ಪದವಿಗೂ ಗಣಿತ ಕಡ್ಡಾಯ. ಅಂದರೆ ಕಲಾ ವಿಭಾಗವನ್ನು ಆಯ್ದ ವಿದ್ಯಾರ್ಥಿನಿಗೆ ಪೋಸ್ಟರ್ ವಿನ್ಯಾಸದ ದಾರಿ ತೆರೆದೇ ಇರುತ್ತದೆ, ಕಟ್ಟಡ ವಿನ್ಯಾಸದ ದಾರಿ ಮುಚ್ಚಿಹೋಗುತ್ತದೆ. ಇದನ್ನು ಅರಿತು ಕಲಾ ವಿಭಾಗಕ್ಕೆ ಸೇರಿದರೆ ತಪ್ಪೇನೂ ಇಲ್ಲ. ಅರಿಯದೆ ಸೇರಿದವರಿಗೆ 2 ವರ್ಷಗಳು ಕಳೆದ ಮೇಲೆ ತಿಳಿಯುತ್ತದೆ.

ಯಾವ ದಾರಿಯೆಂದು ಇನ್ನೂ ನಿರ್ಧರಿಸದ, ಗಣಿತದಲ್ಲಿ ಭಯವಿಲ್ಲದ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಹಾಗೂ ಗಣಕ ವಿಜ್ಞಾನದ ಸಂಯೋಜನೆ ಹೆಚ್ಚು ಬಾಗಿಲುಗಳನ್ನು ತೆರೆದಿಡುತ್ತದೆ. ಗಣಿತವು ಹೊರೆಯಾಗುವುದೆಂದು ಖಚಿತವಾಗಿ ತಿಳಿದವರು ಕೇವಲ ಈ ಕಾರಣಕ್ಕಾಗಿ ವಿಜ್ಞಾನ ವಿಭಾಗಕ್ಕೆ ಸೇರಿ ಅನುತ್ತೀರ್ಣರಾಗುವುದಕ್ಕಿಂತ, ಕಲಾ ಅಥವಾ ವಾಣಿಜ್ಯ ವಿಭಾಗದಲ್ಲಿ ಉತ್ತಮ ಅಂಕ ಗಳಿಸಿ ದೃಶ್ಯಕಲಾ ಪದವಿಗೆ ಹೋಗುವುದು ಲೇಸು.

ಪದವಿ ಪೂರ್ವ ಹಂತದಲ್ಲಿ ಹಿಂದೆ ನಡೆಯುತ್ತಿದ್ದ ಉದ್ಯೋಗ ಆಧಾರಿತ ಕೋರ್ಸುಗಳು (ಜೆ.ಒ.ಸಿ.) ಈಗ ಇರುವುದಿಲ್ಲ. ಹಳೆಯ ಮಾರ್ಗದರ್ಶಿ ಪುಸ್ತಿಕೆಗಳಲ್ಲಿ ಇವುಗಳ ಹೆಸರು ಉಳಿದುಕೊಂಡಿದ್ದು, ಅದನ್ನು ನಂಬಿ ಕಾಲೇಜಿಗೆ ಅಲೆಯಬಾರದು.

ಐ.ಟಿ.ಐ. ಮತ್ತು ಪಾಲಿಟೆಕ್ನಿಕ್

ಬೇಗನೆ ದುಡಿಮೆಗೆ ತೊಡಗಬೇಕಾದ ಕುಟುಂಬಗಳ ಮಕ್ಕಳಿಗೆ ಈ ಎರಡು ದಾರಿಗಳು ಮುಖ್ಯವಾದವು.

ಕೈಗಾರಿಕಾ ತರಬೇತಿ ಸಂಸ್ಥೆಗಳ ವೃತ್ತಿಗಳ ಪಟ್ಟಿಯಲ್ಲಿ ಈ ವಿದ್ಯೆಗೆ ಹತ್ತಿರವಾದವು ಡೆಸ್ಕ್‌ಟಾಪ್ ಪಬ್ಲಿಷಿಂಗ್ ಆಪರೇಟರ್ (1 ವರ್ಷ), ಡ್ರಾಫ್ಟ್ಸ್‌ಮನ್ ಸಿವಿಲ್ (2 ವರ್ಷ) ಮತ್ತು ಡ್ರಾಫ್ಟ್ಸ್‌ಮನ್ ಮೆಕ್ಯಾನಿಕಲ್ (2 ವರ್ಷ). ಎಲ್ಲ ಸಂಸ್ಥೆಗಳಲ್ಲಿಯೂ ಎಲ್ಲ ವೃತ್ತಿಗಳು ಇರುವುದಿಲ್ಲ. ಯಾವ ಸಂಸ್ಥೆಯಲ್ಲಿ ಯಾವ ವೃತ್ತಿಗೆ ಎಷ್ಟು ಸ್ಥಾನಗಳಿವೆ ಎಂಬುದನ್ನು ಆಯಾ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ನೋಡಿಕೊಳ್ಳತಕ್ಕದ್ದು. ತಮ್ಮ ಊರಿಗೆ ಹತ್ತಿರದ ಸಂಸ್ಥೆಯಲ್ಲಿ ಬೇಕಾದ ವೃತ್ತಿ ಇಲ್ಲದಿದ್ದರೆ ಕಲಬುರಗಿ ಅಥವಾ ರಾಯಚೂರಿನ ಸಂಸ್ಥೆಗಳನ್ನು ಆದ್ಯತಾ ಪಟ್ಟಿಯಲ್ಲಿ ನಮೂದಿಸಬಹುದು.

ಇಲ್ಲಿ 1 ವರ್ಷ ಮತ್ತು 2 ವರ್ಷದ ವ್ಯತ್ಯಾಸವನ್ನು ಲಘುವಾಗಿ ಕಾಣಬಾರದು. 2 ವರ್ಷದ ಐ.ಟಿ.ಐ. ಮುಗಿಸಿದವರಿಗೆ ಪಾಲಿಟೆಕ್ನಿಕ್‌ನ 2ನೇ ವರ್ಷಕ್ಕೆ ನೇರ ಪ್ರವೇಶದ ಅವಕಾಶವಿದೆ. ಸರ್ಕಾರಿ ನೇಮಕಾತಿ ಅಧಿಸೂಚನೆಗಳಲ್ಲಿ 'ಪಿ.ಯು.ಸಿ. ಅಥವಾ ತತ್ಸಮಾನ' ಎಂದಿರುವಲ್ಲಿ 3 ವರ್ಷದ ಡಿಪ್ಲೊಮಾ ಹಾಗೂ 2 ವರ್ಷದ ಐ.ಟಿ.ಐ.ಯನ್ನು ತತ್ಸಮಾನವೆಂದು ಹೆಸರಿಸುವುದುಂಟು. 1 ವರ್ಷದ ಡೆಸ್ಕ್‌ಟಾಪ್ ಪಬ್ಲಿಷಿಂಗ್ ಪ್ರಮಾಣಪತ್ರವು ಈ ಸಾಲಿಗೆ ಸೇರುವುದಿಲ್ಲ. ಮುದ್ರಣಾಲಯದಲ್ಲಿ ಕೆಲಸ ಹಿಡಿಯಲು ಅದು ಸಾಕು, ಮುಂದೆ ಪಿ.ಯು.ಸಿ. ಅರ್ಹತೆಯ ಹುದ್ದೆಗೆ ಅರ್ಜಿ ಹಾಕಬೇಕೆಂದಿರುವವರು ಅದರ ಜೊತೆಗೆ ಪಿ.ಯು.ಸಿ.ಯನ್ನು ಬೇರೆಯಾಗಿ ಮುಗಿಸಬೇಕಾಗುತ್ತದೆ.

ಪಾಲಿಟೆಕ್ನಿಕ್ ಡಿಪ್ಲೊಮಾ 3 ವರ್ಷಗಳದು. ಸಿವಿಲ್ ಮತ್ತು ಮೆಕ್ಯಾನಿಕಲ್ ವಿಭಾಗಗಳಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಆರಂಭದಿಂದಲೇ ಇರುತ್ತದೆ. ಈಗ ಇದರ ಬಹುಭಾಗವನ್ನು ಕಂಪ್ಯೂಟರ್ ನೆರವಿನಿಂದ ಕಲಿಸಲಾಗುತ್ತಿದೆ. ಹಾಗೆಂದು ಪೆನ್ಸಿಲ್, ಟಿ-ಸ್ಕ್ವೇರ್, ಸೆಟ್‌ಸ್ಕ್ವೇರ್‌ಗಳನ್ನು ಬದಿಗಿಡುವುದು ತರವಲ್ಲ. ಕೈಯಿಂದ ಒಮ್ಮೆಯೂ ನಕ್ಷೆ ಬರೆಯದ ವಿದ್ಯಾರ್ಥಿಯು ಪರದೆಯ ಮೇಲಿನ ತಪ್ಪನ್ನು ಗುರುತಿಸಲಾರ. ಡಿಪ್ಲೊಮಾ ಪಡೆದವರು ಡಿಸಿಇಟಿ ಪರೀಕ್ಷೆಯ ಮೂಲಕ ಎಂಜಿನಿಯರಿಂಗ್ ಪದವಿಯ 2ನೇ ವರ್ಷಕ್ಕೆ ಸೇರಬಹುದು. ಗಣಿತವಿರುವ 3 ವರ್ಷದ ಡಿಪ್ಲೊಮಾ ಪಡೆದವರಿಗೆ ವಾಸ್ತುಶಿಲ್ಪ ಪದವಿಯ ಬಾಗಿಲೂ ತೆರೆದಿರುತ್ತದೆ. ಮುದ್ರಣ ತಂತ್ರಜ್ಞಾನದಲ್ಲಿ ಆಸಕ್ತಿಯುಳ್ಳವರು ಬೆಂಗಳೂರಿನ ಸರ್ಕಾರಿ ಮುದ್ರಣ ತಂತ್ರಜ್ಞಾನ ಸಂಸ್ಥೆಯ ಡಿಪ್ಲೊಮಾ ಕೋರ್ಸನ್ನು ಪರಿಶೀಲಿಸಬಹುದು.

ಕೇಂದ್ರ ಪಠ್ಯಕ್ರಮ ಮತ್ತು ಮುಕ್ತ ಶಾಲೆ

ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಲಿಯ (ಸಿ.ಬಿ.ಎಸ್.ಇ.) 11 ಮತ್ತು 12ನೇ ತರಗತಿಗಳಲ್ಲಿ ಎಂಜಿನಿಯರಿಂಗ್ ಗ್ರಾಫಿಕ್ಸ್ ಎಂಬ ವಿಷಯವಿದ್ದು, ಲಿಖಿತ ಪರೀಕ್ಷೆಗೆ 70 ಹಾಗೂ ಪ್ರಾಯೋಗಿಕ ಪರೀಕ್ಷೆಗೆ 30 ಅಂಕಗಳನ್ನು ನಿಗದಿಪಡಿಸಲಾಗಿದೆ. ರೇಖಾಗಣಿತದ ರಚನೆಗಳಿಂದ ಆರಂಭವಾಗಿ, ಘನಾಕೃತಿಗಳ ನೋಟಗಳು, ನಟ್ಟು ಬೋಲ್ಟು, ಬೇರಿಂಗ್ ಮತ್ತು ಕಪ್ಲಿಂಗ್‌ಗಳ ಜೋಡಣಾ ಚಿತ್ರಗಳವರೆಗೆ ಇದರ ಪಾಠಗಳಿವೆ. ಅದೇ ಮಂಡಲಿಯ ಲಲಿತಕಲಾ ವಿಷಯಗಳಲ್ಲಿ ವಾಣಿಜ್ಯ ಕಲೆಯೂ ಒಂದು. ವಿಷಯಗಳು ಪಟ್ಟಿಯಲ್ಲಿವೆ ಎಂದ ಮಾತ್ರಕ್ಕೆ ಪ್ರತಿಯೊಂದು ಶಾಲೆಯಲ್ಲಿಯೂ ಬೋಧನೆ ಇದೆ ಎಂದಲ್ಲ. ಶಿಕ್ಷಕರಿರುವ ಶಾಲೆಗಳಲ್ಲಿ ಮಾತ್ರ ನಡೆಯುತ್ತದೆ. ಯಾದಗಿರಿ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಅಥವಾ ಇತರ ಸಿ.ಬಿ.ಎಸ್.ಇ. ಶಾಲೆಗೆ 11ನೇ ತರಗತಿಗೆ ಸೇರಬಯಸುವವರು ಆ ವರ್ಷದ ವಿಷಯಗಳನ್ನು ಪ್ರಾಂಶುಪಾಲರಿಂದ ಮೊದಲು ಖಚಿತಪಡಿಸಿಕೊಳ್ಳುವುದು.

ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು (ಎನ್.ಸಿ.ಇ.ಆರ್.ಟಿ.) 11 ಮತ್ತು 12ನೇ ತರಗತಿಗಳಿಗಾಗಿ ಗ್ರಾಫಿಕ್ ಡಿಸೈನ್ ಪಠ್ಯಪುಸ್ತಕಗಳನ್ನು ಹೊರತಂದಿದೆ. ಪಿ.ಯು.ಸಿ. ಓದುತ್ತಿರುವವರೂ ಇವನ್ನು ಸ್ವಂತ ಅಭ್ಯಾಸಕ್ಕೆ ಬಳಸಬಹುದು. ಭಾಷೆ ಇಂಗ್ಲಿಷ್ ಆದರೂ ಚಿತ್ರಗಳು ಹೇರಳವಾಗಿವೆ.

ಶಾಲೆ ಬಿಟ್ಟು ದುಡಿಯುತ್ತಿರುವವರು, ಮದುವೆಯಾದ ಹೆಣ್ಣುಮಕ್ಕಳು ಮತ್ತು ವಯಸ್ಸು ಮೀರಿದವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ (ಎನ್.ಐ.ಒ.ಎಸ್.) ಹಿರಿಯ ಮಾಧ್ಯಮಿಕ ಕೋರ್ಸಿಗೆ ನೋಂದಾಯಿಸಿಕೊಳ್ಳಬಹುದು. ಅದರಲ್ಲಿ ಚಿತ್ರಕಲೆ, ಸಮೂಹ ಸಂವಹನ ಮತ್ತು ದತ್ತಾಂಶ ನಮೂದು ಕಾರ್ಯ ಎಂಬ ವಿಷಯಗಳಿವೆ. ಗರಿಷ್ಠ ವಯೋಮಿತಿ ಇಲ್ಲ. ಪ್ರವೇಶವು 5 ವರ್ಷಗಳವರೆಗೆ ಊರ್ಜಿತವಾಗಿದ್ದು, ವರ್ಷಕ್ಕೆ 2 ಬಾರಿ ಸಾರ್ವಜನಿಕ ಪರೀಕ್ಷೆ ನಡೆಯುತ್ತದೆ. ತಾವು ಆಯ್ದ ವಿಷಯವು ಯಾವ ಮಾಧ್ಯಮದಲ್ಲಿ ದೊರೆಯುತ್ತದೆ ಎಂಬುದನ್ನು ಶುಲ್ಕ ಪಾವತಿಸುವ ಮುನ್ನ ವಿಚಾರಿಸತಕ್ಕದ್ದು.

ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳು

ಲೋಯರ್ ಮತ್ತು ಹೈಯರ್ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು ನಡೆಸುತ್ತದೆ. 2022ರಲ್ಲಿ ಈ ಮಂಡಲಿಯು ರಚನೆಯಾಗುವ ಮುನ್ನ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿಯ ಹೆಸರಿನಲ್ಲಿ ಇವು ನಡೆಯುತ್ತಿದ್ದವು; ಹಳೆಯ ಪ್ರಮಾಣಪತ್ರಗಳ ಮೇಲೆ ಬೇರೆ ಹೆಸರಿದ್ದರೆ ಗಾಬರಿಪಡುವ ಅಗತ್ಯವಿಲ್ಲ. ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕರ ಮೂಲಕ ಅರ್ಜಿ ಸಲ್ಲಿಸುವುದು ರೂಢಿ. ಈ ಪರೀಕ್ಷೆಗಳು ಪಿ.ಯು.ಸಿ.ಗೆ ತತ್ಸಮಾನವಲ್ಲ, ಉದ್ಯೋಗವನ್ನು ತಾವಾಗಿಯೇ ಕೊಡಿಸುವುದೂ ಇಲ್ಲ. ಆದರೂ ನಿಗದಿತ ಅವಧಿಯೊಳಗೆ ನಿಗದಿತ ಚಿತ್ರವನ್ನು ಮುಗಿಸುವ ಅಭ್ಯಾಸವು ಮುಂದಿನ ಅಭಿರುಚಿ ಪರೀಕ್ಷೆಗಳಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಈ ಭಾಗದ ಪರಂಪರೆ

ಚಿತ್ರದ ವಿದ್ಯೆಯು ದೂರದ ನಗರಗಳದ್ದು ಎಂದು ಭಾವಿಸಲು ಕಾರಣವಿಲ್ಲ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಚಿನ್ನದ ಲೇಪನವುಳ್ಳ ಕಿರುಚಿತ್ರಗಳ ಒಂದು ಶೈಲಿಯೇ ಬೆಳೆದಿತ್ತು. ಅದು ಇಂದಿಗೂ ಸುರಪುರ ಚಿತ್ರಶೈಲಿ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಸಣ್ಣ ಚೌಕಟ್ಟಿನೊಳಗೆ ದೇವತೆ, ಪರಿವಾರ, ಮಂಟಪ, ಅಂಚುಪಟ್ಟಿ ಎಲ್ಲವೂ ಒಂದಕ್ಕೊಂದು ಅಡ್ಡಬಾರದಂತೆ ಜೋಡಿಸುವ ಜಾಣ್ಮೆ ಅದರಲ್ಲಿದೆ. ಇಂದಿನ ಪುಟ ವಿನ್ಯಾಸದ ವಿದ್ಯಾರ್ಥಿಯು ಅದನ್ನು ಕಲಾಕೃತಿಯೆಂದು ಮಾತ್ರವಲ್ಲದೆ ಪಾಠವೆಂದೂ ನೋಡಬಹುದು.

ಕಲಬುರಗಿಯಲ್ಲಿ 1916ರಲ್ಲಿ ಜನಿಸಿದ ಎಸ್.ಎಂ. ಪಂಡಿತ್ ಅವರು ಮುಂಬಯಿಗೆ ತೆರಳಿ ಚಲನಚಿತ್ರಗಳ ಪ್ರಚಾರ ಚಿತ್ರಗಳನ್ನೂ, ಕ್ಯಾಲೆಂಡರ್ ಚಿತ್ರಗಳನ್ನೂ ರಚಿಸಿ ದೇಶದಾದ್ಯಂತ ಹೆಸರಾದರು. ಅವರ ದೇವರ ಚಿತ್ರಗಳು ಅಚ್ಚಾಗಿ ಮನೆಮನೆಯ ಗೋಡೆಗಳನ್ನು ಸೇರಿದವು. ಲಕ್ಷಾಂತರ ಪ್ರತಿಗಳಾಗಿ ಜನರನ್ನು ತಲುಪಬೇಕಾದ ಚಿತ್ರವನ್ನು ರಚಿಸುವ ಕೆಲಸವೇ ಗ್ರಾಫಿಕ್ ಸಂವಹನ. ಆ ಪದವು ಇಲ್ಲಿ ಬಳಕೆಗೆ ಬರುವ ಮೊದಲೇ ಈ ಪ್ರದೇಶದವರೊಬ್ಬರು ಅದನ್ನು ಮಾಡಿ ತೋರಿಸಿದ್ದರು. ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರನ್ನು ಇಡಲಾಗಿದೆ. ದೃಶ್ಯಕಲಾ ಪದವಿಗೆ ಈ ಭಾಗದ ವಿದ್ಯಾರ್ಥಿಗಳಿಗೆ ಹತ್ತಿರದ ಕೇಂದ್ರವೂ ಕಲಬುರಗಿಯೇ. ಅಲ್ಲಿನ ಐಡಿಯಲ್ ಫೈನ್ ಆರ್ಟ್ ಸಂಸ್ಥೆಯ ಎಂ.ಎಂ.ಕೆ. ದೃಶ್ಯಕಲಾ ಕಾಲೇಜು ಹಾಗೂ ಗುಲಬರ್ಗಾ ವಿಶ್ವವಿದ್ಯಾಲಯದ ದೃಶ್ಯಕಲಾ ವಿಭಾಗವನ್ನು ಸಂಪರ್ಕಿಸಬಹುದು. ರಾಜ್ಯದ ದಕ್ಷಿಣ ಭಾಗದಲ್ಲಿ ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು ಮತ್ತು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಾಲೇಜುಗಳಿವೆ.

ಕನ್ನಡ ಅಕ್ಷರ ಮತ್ತು ಕಂಪ್ಯೂಟರ್

ಊರಿನ ಡಿ.ಟಿ.ಪಿ. ಅಂಗಡಿಯಲ್ಲಿ ಕೆಲಸ ಕಲಿಯುತ್ತಾ ಓದುವ ವಿದ್ಯಾರ್ಥಿಗಳಿದ್ದಾರೆ. ಅವರಿಗೆ ಈ ಕೆಳಗಿನ ಅಂಶಗಳು ಉಪಯುಕ್ತವಾಗುತ್ತವೆ.

ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಗುಣಿತದ ಕೊಂಬುಗಳು ಬಲಕ್ಕೆ ಚಾಚುತ್ತವೆ. ಇಂಗ್ಲಿಷ್ ಅಕ್ಷರಗಳಿಗೆ ಸಾಕಾಗುವ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಲಗ್ನಪತ್ರಿಕೆ ಹಾಗೂ ಫ್ಲೆಕ್ಸ್ ಫಲಕಗಳಲ್ಲಿ ಈ ದೋಷವು ದಿನವೂ ಕಣ್ಣಿಗೆ ಬೀಳುತ್ತದೆ. ಅಂತರವನ್ನು ಸ್ವಲ್ಪ ಹೆಚ್ಚಿಸುವುದು ಅಥವಾ ಅಕ್ಷರದ ಗಾತ್ರವನ್ನು ಸ್ವಲ್ಪ ಇಳಿಸುವುದು ಇದಕ್ಕೆ ಪರಿಹಾರ.

ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶವು ಸರ್ಕಾರಿ ಕಚೇರಿಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಅದರಲ್ಲಿರುವ ಕೀಲಿಮಣೆಯ ವಿನ್ಯಾಸಕ್ಕೆ ಮೂಲವಾದದ್ದು ಕೆ.ಪಿ. ರಾವ್ ಅವರ ಕೆಲಸ. ನುಡಿಯ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಬರಹವನ್ನು ಆ ಅಕ್ಷರವಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣಿಸುತ್ತವೆ. ಯೂನಿಕೋಡ್‌ನಲ್ಲಿ ಸಿದ್ಧಪಡಿಸಿದ ಬರಹಕ್ಕೆ ಈ ತೊಂದರೆ ಇಲ್ಲ. ಅಂಗಡಿಯಲ್ಲಿ ಹಳೆಯ ಪದ್ಧತಿ ನಡೆಯುತ್ತಿದ್ದರೂ ವಿದ್ಯಾರ್ಥಿಯು ಯೂನಿಕೋಡನ್ನೂ ಕಲಿತಿರಬೇಕು. ಹಣ ಕೊಡದೆ ಬಳಸಬಹುದಾದ ಇಂಕ್‌ಸ್ಕೇಪ್ ಮತ್ತು ಗಿಂಪ್ ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುತ್ತದೆ.

ಪರದೆಯ ಬಣ್ಣವು ಕೆಂಪು, ಹಸಿರು, ನೀಲಿ ಬೆಳಕುಗಳ ಮಿಶ್ರಣ. ಮುದ್ರಣದ ಬಣ್ಣವು ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ 4 ಮಸಿಗಳ ಮಿಶ್ರಣ. ಪರದೆಯಲ್ಲಿ ಹೊಳೆಯುವ ಹಸಿರು ಕಾಗದದ ಮೇಲೆ ಮಂಕಾಗುವುದು ಇದರಿಂದಲೇ. ಎ4 ಅಳತೆಯ, ಅಂದರೆ 210 ಮತ್ತು 297 ಮಿಲಿಮೀಟರಿನ ಪುಟವನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಅಚ್ಚು ಮಾಡಬೇಕಾದರೆ ಚಿತ್ರವು ಸುಮಾರು 2480 ಮತ್ತು 3508 ಪಿಕ್ಸೆಲ್‌ಗಳಷ್ಟಿರಬೇಕು. ಮೊಬೈಲಿನಲ್ಲಿ ಬಂದ ಸಣ್ಣ ಚಿತ್ರವನ್ನು ಹಿಗ್ಗಿಸಿ ಅಚ್ಚು ಹಾಕಿದರೆ ಮುಖ ಮಸುಕಾಗುತ್ತದೆ. ಅದಕ್ಕೆ ಮುದ್ರಣಾಲಯದವರನ್ನು ದೂರುವುದು ನ್ಯಾಯವಲ್ಲ.

ಪ್ರವೇಶಕ್ಕೆ ಅಗತ್ಯವಾದ ಪ್ರಮಾಣಪತ್ರಗಳು

ಅಂಕಪಟ್ಟಿ, ವರ್ಗಾವಣೆ ಪತ್ರ ಮತ್ತು ಆಧಾರ್ ಪ್ರತಿಗಳ ವಿಷಯ ಎಲ್ಲರಿಗೂ ತಿಳಿದಿರುವುದೇ ಆಗಿದೆ. ಅರ್ಜಿದಾರರು ಎಡವುವುದು ಮುಂದಿನವುಗಳಲ್ಲಿ.

ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರ: 2012ರ 98ನೇ ತಿದ್ದುಪಡಿ ಅಧಿನಿಯಮದ ಮೂಲಕ ಈ ವಿಧಿಯನ್ನು ಸೇರಿಸಲಾಯಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳಿಗೆ ಇದು ಅನ್ವಯಿಸುತ್ತದೆ. 2019ರವರೆಗೆ ಹೈದರಾಬಾದ್ ಕರ್ನಾಟಕವೆಂದು ಕರೆಯಲ್ಪಡುತ್ತಿದ್ದ ಈ ಪ್ರದೇಶಕ್ಕೆ ಈಗ ಕಲ್ಯಾಣ ಕರ್ನಾಟಕ ಎಂಬ ಹೆಸರಿದೆ. ನಮೂನೆಗಳಲ್ಲಿ ಎರಡೂ ಹೆಸರುಗಳು ಕಂಡುಬರಬಹುದು. ಈ ಮೀಸಲಾತಿಗೆ ಒಳಪಟ್ಟ ಕೋರ್ಸುಗಳಲ್ಲಿ ಪ್ರದೇಶದೊಳಗಿನ ಸಂಸ್ಥೆಗಳಲ್ಲಿ ಶೇ. 70ರಷ್ಟು ಮತ್ತು ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸ್ಥಾನಗಳನ್ನು ಸ್ಥಳೀಯ ವ್ಯಕ್ತಿಗಳಿಗೆ ಮೀಸಲಿರಿಸಲಾಗಿದೆ. ಅರ್ಜಿಯನ್ನು ನಾಡಕಚೇರಿಯಲ್ಲಿ ಸಲ್ಲಿಸಬೇಕಾಗಿದ್ದು, ಪ್ರಮಾಣಪತ್ರವನ್ನು ಉಪವಿಭಾಗದ ಸಹಾಯಕ ಆಯುಕ್ತರು ನೀಡುತ್ತಾರೆ. ತಹಶೀಲ್ದಾರರು ನೀಡುವ ವಾಸಸ್ಥಳ ಪ್ರಮಾಣಪತ್ರವು ಇದಕ್ಕೆ ಬದಲಿಯಾಗಲಾರದು. ಸುರಪುರ ಅಥವಾ ಹುಣಸಗಿಯಿಂದ ಕಡತವು ಯಾದಗಿರಿಯನ್ನು ತಲುಪಿ ಹಿಂದಿರುಗಲು ದಿನಗಳು ಹಿಡಿಯುವುದರಿಂದ, ಎಸ್.ಎಸ್.ಎಲ್.ಸಿ. ಫಲಿತಾಂಶಕ್ಕಾಗಿ ಕಾಯದೆ ಅರ್ಜಿ ಸಲ್ಲಿಸುವುದು ಕ್ಷೇಮ.

ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಗಳು: 1ರಿಂದ 10ನೇ ತರಗತಿಯವರೆಗೆ ಪೂರ್ಣ 10 ವರ್ಷಗಳ ವ್ಯಾಸಂಗವನ್ನು ಇವುಗಳಲ್ಲಿ ದೃಢೀಕರಿಸಬೇಕಾಗುತ್ತದೆ. ಮುಖ್ಯೋಪಾಧ್ಯಾಯರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲು ಸಹಿ ಅಗತ್ಯ. 2 ಅಥವಾ 3 ಶಾಲೆಗಳಲ್ಲಿ ಓದಿದವರು ಪ್ರತಿ ಶಾಲೆಯಿಂದಲೂ ಪ್ರತ್ಯೇಕ ಪ್ರಮಾಣಪತ್ರವನ್ನು ಪಡೆಯತಕ್ಕದ್ದು. ಗುರುಮಠಕಲ್ ಭಾಗದ ಗಡಿಗ್ರಾಮಗಳ ಮಕ್ಕಳು ಕೆಲವು ವರ್ಷ ತೆಲಂಗಾಣದ ಶಾಲೆಯಲ್ಲಿ ಓದಿದ್ದರೆ, ದುಡಿಮೆಗಾಗಿ ವಲಸೆ ಹೋದ ತಂದೆತಾಯಿಯರೊಂದಿಗೆ ಬೆಂಗಳೂರು ಅಥವಾ ಪುಣೆಯಲ್ಲಿ ಓದಿದ್ದರೆ, ಆ ವರ್ಷಗಳ ದಾಖಲೆಯನ್ನು ಮರೆಮಾಡದೆ ಸಲ್ಲಿಸುವುದು. ವರ್ಷಗಳ ಲೆಕ್ಕ ಕೂಡದಿರುವುದು ಪರಿಶೀಲನೆಯ ವೇಳೆ ತಿಳಿದರೆ ಸ್ಥಾನವೇ ರದ್ದಾಗುವ ಸಂಭವವಿದೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರ: ಅವಧಿ ಮುಗಿದ ಆದಾಯ ಪ್ರಮಾಣಪತ್ರವನ್ನು ಸಲ್ಲಿಸುವುದು ಪದೇ ಪದೇ ಕಂಡುಬರುವ ತಪ್ಪು. ಪ್ರಮಾಣಪತ್ರದ ಮೇಲಿನ ಆರ್.ಡಿ. ಸಂಖ್ಯೆಯನ್ನು ಜೋಪಾನವಾಗಿ ಬರೆದಿಟ್ಟುಕೊಳ್ಳುವುದು.

ಸೇವೆಗಳು 2011ರ ಕರ್ನಾಟಕ ನಾಗರಿಕ ಸೇವೆಗಳ ಖಾತರಿ ಅಧಿನಿಯಮದ, ಅಂದರೆ ಸಕಾಲ ಯೋಜನೆಯ ವ್ಯಾಪ್ತಿಗೆ ಒಳಪಟ್ಟಿರುವಲ್ಲಿ, ಅರ್ಜಿ ಸಲ್ಲಿಸಿದ ಕೂಡಲೇ 15 ಅಂಕಿಗಳ ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆಯತಕ್ಕದ್ದು. ನಿಗದಿತ ಅವಧಿ ಮೀರಿದರೆ ಮೇಲ್ಮನವಿ ಸಲ್ಲಿಸಲು ಈ ಸಂಖ್ಯೆಯೇ ಆಧಾರ.

ವಿದ್ಯಾರ್ಥಿವೇತನ ಮತ್ತು ವಸತಿ

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ (ಎಸ್.ಎಸ್.ಪಿ.) ಮೂಲಕ ಅರ್ಜಿ ಸಲ್ಲಿಸಬೇಕು. ಹಣವು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ, ವಿದ್ಯಾರ್ಥಿಯ ಸ್ವಂತ ಖಾತೆಗೆ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಮುಂಚಿತವಾಗಿ ವಿಚಾರಿಸುವುದು. ಕಲಬುರಗಿಗೆ ಹೋಗಿ ಓದುವವರು ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿಗೆ ಕಾಲೇಜು ಪ್ರವೇಶವಾದ ಕೂಡಲೇ ಅರ್ಜಿ ಹಾಕತಕ್ಕದ್ದು. ಬಣ್ಣ, ಕುಂಚ, ಕಾಗದಗಳ ವೆಚ್ಚ ದೃಶ್ಯಕಲಾ ಕೋರ್ಸುಗಳಲ್ಲಿ ಪ್ರತಿ ತಿಂಗಳೂ ಬರುವಂಥದ್ದು. ಬೋಧನಾ ಶುಲ್ಕವನ್ನು ಮಾತ್ರ ನೋಡಿ ಲೆಕ್ಕ ಹಾಕಿದ ಪೋಷಕರು ಮಧ್ಯದಲ್ಲಿ ಸಂಕಷ್ಟಕ್ಕೆ ಸಿಲುಕುತ್ತಾರೆ.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಖಾಸಗಿ ಕಂಪ್ಯೂಟರ್ ಕೇಂದ್ರದಲ್ಲಿ 6 ತಿಂಗಳ ಗ್ರಾಫಿಕ್ ಡಿಸೈನ್ ಕೋರ್ಸ್ ಮಾಡಿದರೆ ಪಿ.ಯು.ಸಿ.ಗೆ ಸಮವೇ?
ಉತ್ತರ: ಅಲ್ಲ. ಇಂತಹ ಕೋರ್ಸುಗಳಿಂದ ಕೈಕೆಲಸ ಬರಬಹುದು, ಶೈಕ್ಷಣಿಕ ಅರ್ಹತೆ ಬರುವುದಿಲ್ಲ. 'ಸರ್ಕಾರದಿಂದ ಮಾನ್ಯತೆ ಪಡೆದ' ಎಂಬ ಫಲಕವಿದ್ದಲ್ಲಿ ಯಾವ ಇಲಾಖೆ, ಯಾವ ಆದೇಶ, ಯಾವ ದಿನಾಂಕ ಎಂಬುದನ್ನು ಬರಹದಲ್ಲಿ ಕೇಳಿ ಪಡೆದ ನಂತರವೇ ಹಣ ಪಾವತಿಸುವುದು. ಪಿ.ಯು.ಸಿ. ಓದುತ್ತಾ ರಜೆಯಲ್ಲಿ ಕೋರ್ಸ್ ಮಾಡುವುದಕ್ಕೆ ಅಡ್ಡಿಯಿಲ್ಲ, ಪಿ.ಯು.ಸಿ. ಬಿಟ್ಟು ಇದನ್ನು ಮಾಡುವುದು ಬೇಡ.

ಪ್ರಶ್ನೆ: ಕನ್ನಡ ಮಾಧ್ಯಮದವರು ರಾಷ್ಟ್ರಮಟ್ಟದ ವಿನ್ಯಾಸ ಪ್ರವೇಶ ಪರೀಕ್ಷೆಗಳನ್ನು ಬರೆಯಬಹುದೇ?
ಉತ್ತರ: ಬರೆಯಬಹುದು. ಪ್ರಶ್ನೆಪತ್ರಿಕೆಗಳು ಇಂಗ್ಲಿಷ್‌ನಲ್ಲಿ, ಕೆಲವು ಪರೀಕ್ಷೆಗಳಲ್ಲಿ ಹಿಂದಿಯಲ್ಲಿಯೂ ಇರುತ್ತವೆ. ಚಿತ್ರ ರಚಿಸಿ ಉತ್ತರಿಸುವ ಭಾಗದಲ್ಲಿ ಭಾಷೆಯ ತೊಡಕು ಕಡಿಮೆ. ಪ್ರಶ್ನೆಯನ್ನು ಓದಿ ಅರ್ಥಮಾಡಿಕೊಳ್ಳುವಷ್ಟು ಇಂಗ್ಲಿಷನ್ನು ಪಿ.ಯು.ಸಿ.ಯ 2 ವರ್ಷಗಳಲ್ಲಿ ರೂಢಿಸಿಕೊಳ್ಳಬೇಕಾಗುತ್ತದೆ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಕೇಂದ್ರವು ಸ್ನಾತಕೋತ್ತರ ವ್ಯಾಸಂಗಕ್ಕಾಗಿ ಇದ್ದು, ಪದವಿಗೆ ಬೇರೆ ರಾಜ್ಯದ ಕೇಂದ್ರಗಳಿಗೆ ಹೋಗಬೇಕು. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು ಬೆಂಗಳೂರಿನಲ್ಲಿಯೂ, ಯಾದಗಿರಿಗೆ ಇನ್ನೂ ಹತ್ತಿರವಾದ ಹೈದರಾಬಾದಿನಲ್ಲಿಯೂ ಇದೆ.

ಪ್ರಶ್ನೆ: ಪಿ.ಯು.ಸಿ.ಗೆ ಸೇರಿದ ಮೇಲೆ ಪಾಲಿಟೆಕ್ನಿಕ್‌ನಲ್ಲಿ ಸ್ಥಾನ ದೊರೆತರೆ ಏನು ಮಾಡಬೇಕು?
ಉತ್ತರ: ಪಿ.ಯು. ಕಾಲೇಜಿನಿಂದ ವರ್ಗಾವಣೆ ಪತ್ರ ಮತ್ತು ಮೂಲ ಅಂಕಪಟ್ಟಿಯನ್ನು ಹಿಂಪಡೆದು, ಪಾಲಿಟೆಕ್ನಿಕ್‌ಗೆ ನಿಗದಿಪಡಿಸಿದ ದಿನಾಂಕದೊಳಗೆ ವರದಿ ಮಾಡಿಕೊಳ್ಳತಕ್ಕದ್ದು. ಮೂಲ ದಾಖಲೆಗಳನ್ನು ಯಾವುದೇ ಸಂಸ್ಥೆಗೆ ಒಪ್ಪಿಸುವ ಮುನ್ನ ಕನಿಷ್ಠ 5 ಜೊತೆ ಪ್ರತಿಗಳನ್ನು ತೆಗೆದಿಟ್ಟುಕೊಳ್ಳುವುದು ಹಾಗೂ ಒಪ್ಪಿಸಿದ್ದಕ್ಕೆ ಸ್ವೀಕೃತಿ ಪಡೆಯುವುದು.